ಕಪ್ಪು ಮಚ್ಚೆಯ ಲೆಕ್ಕ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆಯಾಗಲಿ, ಅರಕಲಗೂಡಿನ ಕಡೆಯಾಗಲಿ, ರೇಷ್ಮೆ ಹುಳು ಸಾಕುವ ಮನೆಗೆ ನಾಲ್ಕನೇ ಜ್ವರ ಎದ್ದ, ಅಂದರೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟ ಹೊತ್ತಿನಲ್ಲಿ ಹೋದರೆ ಒಂದು ಕೆಲಸ ನೋಡಲು ಸಿಗುತ್ತದೆ. ಸೊಪ್ಪು ಹಾಕುತ್ತಲೇ ಮನೆಯಾಕೆ ತಟ್ಟೆಯಿಂದ ಒಂದೊಂದು ಹುಳುವನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾಳೆ. ಮೈಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಮಚ್ಚೆ ಕಂಡರೆ ಅದು ಬೇರೆ ಮೊರಕ್ಕೆ. ಅಷ್ಟಕ್ಕೇ ಬಿಡುವುದಿಲ್ಲ. ಜ್ವರ ಎದ್ದು ಎಷ್ಟು ದಿನವಾಯಿತು, ಮಚ್ಚೆ ಎಷ್ಟು ಅಗಲವಾಗಿದೆ ಎಂದು ನೋಡಿ ತೀರ್ಪು ಕೊಡುತ್ತಾಳೆ: ‘ಇದು ಗೂಡು ಕಟ್ಟಕ್ಕೆ ಮುಂಚೇನೇ ಸಾಯ್ತದೆ, ಅದು ಕಟ್ಟುತ್ತೆ, ಆದ್ರೆ ತೂತು ಬೀಳ್ತದೆ.’

ಆ ಮಚ್ಚೆ ಊಜಿ ನೊಣದ ಗುರುತು. ನೊಣ ಹುಳುವಿನ ಮೈಮೇಲೆ ಬಿಳಿ ಮೊಟ್ಟೆ ಅಂಟಿಸಿ ಹೋಗುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು ಚರ್ಮ ಕೊರೆದು ಒಳಗೆ ಇಳಿಯುತ್ತದೆ. ಇಳಿದ ಜಾಗ ಕಪ್ಪಾಗುತ್ತದೆ. ಒಳಗೆ ಸುಮಾರು ಒಂದು ವಾರ ತಿಂದು ಕೊಬ್ಬಿ, ಮತ್ತೆ ತೂತು ಮಾಡಿಕೊಂಡು ಹೊರಬಿದ್ದು, ನೆಲದ ಬಿರುಕಿನಲ್ಲಿ ಕೋಶವಾಗಿ ಮಲಗುತ್ತದೆ. ಐದನೇ ಹಂತದ ಹುಳುವಿಗೆ ಹಣ್ಣಾಗಲು ಬೇಕಾದದ್ದೂ ಹೆಚ್ಚುಕಡಿಮೆ ಒಂದು ವಾರ. ಹಾಗಾಗಿ ಮೊಟ್ಟೆ ಬಿದ್ದ ದಿನದ ಮೇಲೆ ಎಲ್ಲವೂ ನಿಂತಿದೆ. ಜ್ವರ ಏಳುವ ಮೊದಲೇ ಬಿದ್ದಿದ್ದರೆ ಹುಳು ಗೂಡು ಕಟ್ಟುವ ಚಂದ್ರಿಕೆ ಏರುವುದಿಲ್ಲ. ನಾಲ್ಕು ದಿನ ತಡವಾಗಿ ಬಿದ್ದಿದ್ದರೆ ಗೂಡಂತೂ ಆಗುತ್ತದೆ, ಆದರೆ ಊಜಿ ಅದನ್ನು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಒಂದು ಮರಿಹುಳದ ವಯಸ್ಸಿನಿಂದ ಹಿಂದಕ್ಕೆ ಎಣಿಸಿ, ನೊಣ ಕೂತ ದಿನವನ್ನು ಹೇಳುವ ವಿದ್ಯೆ ಇದು.

ಇದೇ ಲೆಕ್ಕವನ್ನು ಮನುಷ್ಯನ ಹೆಣದ ಮುಂದೆ ನಿಂತು ಮಾಡಿದರೆ ಅದರ ಹೆಸರು ವಿಧಿವಿಜ್ಞಾನದ ಕೀಟಶಾಸ್ತ್ರ. ಎರಡೂ ಕಡೆ ಕೇಳುವ ಪ್ರಶ್ನೆಗಳು ಒಂದೇ: ಇದು ಯಾವ ನೊಣದ ಮರಿ? ಇದಕ್ಕೆ ಎಷ್ಟು ದಿನ? ಎರಡನೆಯ ಪ್ರಶ್ನೆಗೆ ಉತ್ತರ ಹೇಳುವವರು ಬಹಳ ಹಿಂದಿನಿಂದ ಇದ್ದರು. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕದ್ದು ತೀರ ಈಚೆಗೆ, ಡಿಎನ್‌ಎ ಓದಲು ಕಲಿತ ಮೇಲೆ. ಆ ದಾರಿ ಚೀನಾ, ಫ್ರಾನ್ಸ್, ಸ್ಕಾಟ್ಲೆಂಡ್, ಕೆನಡಾಗಳನ್ನು ಹಾದಿದೆ. ನಮ್ಮ ರೇಷ್ಮೆ ಹುಳುವಿನ ತಟ್ಟೆಯ ಪಕ್ಕದಲ್ಲೂ ಹಾದುಹೋಗಿದೆ ಎಂಬುದು ನಮ್ಮವರಿಗೇ ಅಷ್ಟಾಗಿ ತಿಳಿದಂತಿಲ್ಲ.

1247ರಲ್ಲಿ ಚೀನಾದ ನ್ಯಾಯಾಧಿಕಾರಿ ಸಾಂಗ್ ತ್ಸ ಒಂದು ಕೈಪಿಡಿ ಬರೆದ. ಸಂಶಯದ ಸಾವುಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ಅಧಿಕಾರಿಗಳಿಗೆ ಹೇಳಿಕೊಡುವ ಪುಸ್ತಕ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಹಳ್ಳಿಯೊಂದರಲ್ಲಿ ಒಬ್ಬನನ್ನು ಕುಡುಗೋಲಿನಿಂದ ಕಡಿದು ಕೊಂದಿರುತ್ತಾರೆ. ವಿಚಾರಣೆಗೆ ಬಂದ ಅಧಿಕಾರಿ ಊರವರೆಲ್ಲ ತಮ್ಮ ತಮ್ಮ ಕುಡುಗೋಲು ತಂದು ಬಿಸಿಲಿನಲ್ಲಿ ಇಡಲು ಹೇಳುತ್ತಾನೆ. ಕಣ್ಣಿಗೆ ಎಲ್ಲವೂ ಶುಭ್ರ. ಸ್ವಲ್ಪ ಹೊತ್ತಿಗೆ ನೊಣಗಳು ಬಂದು ಒಂದೇ ಒಂದು ಕುಡುಗೋಲನ್ನು ಮುತ್ತುತ್ತವೆ. ಅದರ ಒಡೆಯ ತಪ್ಪೊಪ್ಪಿಕೊಳ್ಳುತ್ತಾನೆ. ಇಲ್ಲಿ ನೊಣದ ಜಾತಿ ಯಾವುದೆಂದು ಕೇಳುವ ಅಗತ್ಯವೇ ಇರಲಿಲ್ಲ. ಅದರ ಮೂಗು ಸಾಕಾಗಿತ್ತು.

ಫ್ರಾನ್ಸಿನ ಆರ್ಬುವಾ ಊರಿನ ವೈದ್ಯ ಬೆರ್ಜೆರೆಗೆ ಅಷ್ಟು ಸುಲಭದ ಪ್ರಸಂಗ ಸಿಗಲಿಲ್ಲ. 1850ರಲ್ಲಿ ಮನೆಯೊಂದನ್ನು ದುರಸ್ತಿ ಮಾಡುವಾಗ ಅಗ್ಗಿಷ್ಟಿಕೆಯ ಹಿಂದೆ ಹಸುಗೂಸಿನ ಒಣಗಿದ ಶವ ಸಿಕ್ಕಿತು. ಆ ಮನೆಯಲ್ಲಿ ಎರಡು ಮೂರು ವರ್ಷಗಳಲ್ಲಿ ಬೇರೆ ಬೇರೆ ಬಾಡಿಗೆದಾರರು ಇದ್ದುಹೋಗಿದ್ದರು. ಬೆರ್ಜೆರೆ ಶವದಲ್ಲಿದ್ದ ನೊಣದ ಕೋಶಗಳನ್ನೂ ಪತಂಗದ ಹುಳುಗಳನ್ನೂ ನೋಡಿ, ಸಾವು 1848ರಲ್ಲಿ ಆದದ್ದು ಎಂದ. ಆಗಿದ್ದ ಬಾಡಿಗೆದಾರರ ಮೇಲಿನ ಸಂಶಯ ಹಿಂದಿನವರ ಕಡೆ ತಿರುಗಿತು. ಪಠ್ಯಪುಸ್ತಕಗಳು ಇದನ್ನು ಈ ಶಾಸ್ತ್ರದ ಆರಂಭ ಎಂದು ಹೊಗಳುತ್ತವೆ. ನನಗೆ ಮಾತ್ರ ಇದನ್ನು ಓದಿದಾಗಲೆಲ್ಲ ಸ್ವಲ್ಪ ಭಯವಾಗುತ್ತದೆ. ಬೆರ್ಜೆರೆಯ ಲೆಕ್ಕ ನಿಂತದ್ದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಇಂಥ ನೊಣ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬೆಳೆಯಲು ಒಂದು ಇಡೀ ವರ್ಷ ಬೇಕು ಎಂದು ಅವನು ನಂಬಿದ್ದ. ಬೇಸಿಗೆಯಲ್ಲಿ ಅದಕ್ಕೆ ಎರಡು ಮೂರು ವಾರ ಸಾಕು. ನೊಣದ ಜೀವನಕ್ರಮ ಗೊತ್ತಿಲ್ಲದೆ ನೊಣವನ್ನು ಸಾಕ್ಷಿಕಟ್ಟೆಗೆ ಕರೆದರೆ ಹೀಗಾಗುತ್ತದೆ. ಮುಂದೆ 1894ರಲ್ಲಿ ಮೆನ್ಯಾಂ ಎಂಬ ಪಶುವೈದ್ಯ ಶವಗಳ ಮೇಲೆ ಕೀಟಗಳು ಬರುವ ಸರದಿಯನ್ನು ಎಂಟು ಅಲೆಗಳಾಗಿ ವಿಂಗಡಿಸಿ ಪುಸ್ತಕ ಬರೆದ ಮೇಲೆ ಈ ಲೆಕ್ಕಕ್ಕೆ ಒಂದು ಶಿಸ್ತು ಬಂತು.

ಆ ಶಿಸ್ತು ಜಗತ್ತಿನ ಕಣ್ಣಿಗೆ ಬಿದ್ದದ್ದು ಒಬ್ಬ ಭಾರತೀಯನ ಕೊಲೆ ಮೊಕದ್ದಮೆಯಲ್ಲಿ. ಬಕ್ ರಕ್ಸ್‌ಟನ್ 1899ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಪಾರ್ಸಿ. ಮೊದಲ ಹೆಸರು ಬುಖ್ತ್ಯಾರ್ ರುಸ್ತುಂಜಿ ರತನ್‌ಜಿ ಹಕೀಮ್. ಇಂಗ್ಲೆಂಡಿಗೆ ಹೋಗಿ ಲ್ಯಾಂಕಾಸ್ಟರ್ ಪಟ್ಟಣದಲ್ಲಿ ವೈದ್ಯನಾಗಿ ಹೆಸರು ಮಾಡಿದ್ದ. 1935ರ ಸೆಪ್ಟೆಂಬರ್ 14–15ರ ನಡುವೆ ಅವನ ಹೆಂಡತಿ ಮತ್ತು ಮನೆಗೆಲಸದ ಹುಡುಗಿ ಕಾಣೆಯಾದರು. ಸೆಪ್ಟೆಂಬರ್ 29ರಂದು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಸ್ಕಾಟ್ಲೆಂಡಿನ ಮಾಫಟ್ ಊರಿನ ಹತ್ತಿರದ ಕಣಿವೆಯ ಹಳ್ಳದಲ್ಲಿ ತುಂಡು ತುಂಡಾದ ಶವದ ಗಂಟುಗಳು ಕಣ್ಣಿಗೆ ಬಿದ್ದವು. ಗುರುತು ಸಿಗದಂತೆ ಮಾಡುವುದು ವೈದ್ಯನಾದ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಹುಳುಗಳ ಬಗ್ಗೆ ಅವನು ಯೋಚಿಸಿರಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಮಿಯರ್ನ್ಸ್ ಆ ಹುಳುಗಳನ್ನು ನೋಡಿ, ಇವು ನೀಲಿನೊಣದ ಮೂರನೇ ಹಂತದ ಮರಿಗಳು, ವಯಸ್ಸು 12ರಿಂದ 14 ದಿನ ಎಂದರು. ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯ. ಗಂಟು ಕಟ್ಟಿದ್ದ ಪತ್ರಿಕೆಯ ಹಾಳೆಗಳಲ್ಲಿ ಸೆಪ್ಟೆಂಬರ್ 15ರ ಸ್ಥಳೀಯ ಆವೃತ್ತಿಯೊಂದು ಇತ್ತು. ಬೆರಳಚ್ಚು, ತಲೆಬುರುಡೆಯ ಛಾಯಾಚಿತ್ರ, ಹುಳು, ಪತ್ರಿಕೆ ಎಲ್ಲವೂ ಒಂದೇ ಕಡೆ ಕೈ ತೋರಿಸಿದವು. 1936ರ ಮೇ 12ರಂದು ರಕ್ಸ್‌ಟನ್‌ನನ್ನು ಗಲ್ಲಿಗೇರಿಸಿದರು.

ಮಿಯರ್ನ್ಸ್‌ಗೆ ಒಂದು ಅದೃಷ್ಟವಿತ್ತು. ತಂಪು ದೇಶದಲ್ಲಿ ಶವಕ್ಕೆ ಬರುವ ನೊಣಗಳ ಬಗೆಗಳು ಕಡಿಮೆ. ಅವುಗಳನ್ನು ಎರಡು ಶತಮಾನ ಕೂತು ಓದಿದವರೂ ಅಲ್ಲಿದ್ದರು. ಅದೇ ಗಂಟು ಹೇಮಾವತಿಯ ದಂಡೆಯಲ್ಲಿ ಸಿಕ್ಕಿದ್ದರೆ?

ನಮ್ಮಲ್ಲಿ ಹಲಸಿನ ಹಣ್ಣು ಕೊಯ್ದ ದಿನ ಹಿತ್ತಿಲಿಗೆ ಬರುವ ಹಸಿರು ಮಿಂಚಿನ ನೊಣಗಳನ್ನು ನೋಡಿ. ಎಲ್ಲವೂ ಒಂದೇ ಎನಿಸುತ್ತದೆ. ಅದರೊಳಗೆ ದಪ್ಪ ಕೆಂಗಣ್ಣಿನ ಕ್ರೈಸೋಮಿಯಾ ಮೆಗಾಸೆಫಾಲಾ ಇರಬಹುದು, ಕ್ರೈಸೋಮಿಯಾ ರೂಫಿಫೇಸಿಸ್ ಇರಬಹುದು, ಲುಸಿಲಿಯಾ ಇರಬಹುದು. ದೊಡ್ಡ ನೊಣವಾದರೆ ಬಲ್ಲವರು ಭೂತಗನ್ನಡಿ ಹಿಡಿದು ಹೇಳಿಬಿಡುತ್ತಾರೆ. 1940ರಲ್ಲಿ ಸೀನಿಯರ್-ವೈಟ್, ಆಬರ್ಟಿನ್ ಮತ್ತು ಸ್ಮಾರ್ಟ್ ಸೇರಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸರಣಿಯಲ್ಲಿ ಈ ಕುಟುಂಬದ ನೊಣಗಳಿಗಾಗಿಯೇ ಒಂದು ಸಂಪುಟ ತಂದರು. ಆದರೆ ಶವದ ಮೇಲೆ ಸಿಗುವುದು ದೊಡ್ಡ ನೊಣವಲ್ಲ, ಅಕ್ಕಿಯ ಕಾಳಿನಂಥ ಮರಿ. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಬಣ್ಣವಿಲ್ಲ. ಹಿಂಭಾಗದಲ್ಲಿ ಉಸಿರಾಡುವ ಎರಡು ಬಿಲ್ಲೆಗಳಿರುತ್ತವೆ. ಅವುಗಳಲ್ಲಿ ಎರಡು ಸೀಳು ಇದ್ದರೆ ಎರಡನೇ ಹಂತ, ಮೂರು ಇದ್ದರೆ ಮೂರನೇ ಹಂತ. ಹಂತ ತಿಳಿಯಿತು, ಜಾತಿ ತಿಳಿಯಲಿಲ್ಲ. ಜಾತಿ ತಿಳಿಯದಿದ್ದರೆ ಹಂತದಿಂದ ದಿನ ಲೆಕ್ಕ ಹಾಕುವುದು ಹೇಗೆ? ಒಂದೊಂದು ಜಾತಿಯ ಬೆಳವಣಿಗೆ ಒಂದೊಂದು ವೇಗ. ಇದ್ದ ಒಂದೇ ದಾರಿ ಮರಿಯನ್ನು ಜೀವಂತ ತಂದು, ಮಾಂಸ ಹಾಕಿ ಸಾಕಿ, ರೆಕ್ಕೆ ಬರುವ ತನಕ ಕಾಯುವುದು. ಮರಿ ಸತ್ತರೆ ಸಾಕ್ಷಿ ಸತ್ತಂತೆ.

ಈ ಗಂಟನ್ನು ಬಿಚ್ಚಿದ ವಿದ್ಯೆಯ ಒಂದು ಎಳೆ ನಮ್ಮ ನಾಡಿನದ್ದು.

ಮನುಷ್ಯರ ಡಿಎನ್‌ಎ ಬೆರಳಚ್ಚು ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಅಲೆಕ್ ಜೆಫ್ರಿಸ್ 1985ರಲ್ಲಿ ಪ್ರಕಟಿಸಿದರು. ಭಾರತದಲ್ಲಿ ಅದನ್ನು ಸ್ವಂತ ದಾರಿಯಿಂದ ಕಟ್ಟಿದವರು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿದ್ದ ಲಾಲ್‌ಜಿ ಸಿಂಗ್. ಅವರ ಕೈಲಿದ್ದ ಉಪಕರಣ ಒಂದು ಹಾವಿನಿಂದ ಬಂದದ್ದು. ಮೈತುಂಬ ಪಟ್ಟೆಗಳಿರುವ ವಿಷದ ಕಟ್ಟುಹಾವಿನ ಡಿಎನ್‌ಎಯಲ್ಲಿ ಅವರು ಗುರುತಿಸಿದ್ದ ಮತ್ತೆ ಮತ್ತೆ ಬರುವ ಒಂದು ತುಣುಕು ಅದು. ಅದಕ್ಕೆ ಬಿಕೆಎಂ ಎಂದು ಹೆಸರಿಟ್ಟಿದ್ದರು. ಮನುಷ್ಯನ ಡಿಎನ್‌ಎಗೆ ಅದನ್ನು ಅಂಟಿಸಿ ನೋಡಿದರೆ ಪ್ರತಿಯೊಬ್ಬನಿಗೂ ಬೇರೆಯೇ ಆದ ಗೆರೆಗಳ ಸಾಲು ಮೂಡುತ್ತಿತ್ತು. 1980ರ ದಶಕದ ಕೊನೆಯಲ್ಲಿ ಕೇರಳದ ತಲಶ್ಶೇರಿಯ ನ್ಯಾಯಾಲಯದಲ್ಲಿ ಒಂದು ಮಗುವಿನ ತಂದೆ ಯಾರೆಂಬ ವ್ಯಾಜ್ಯ ಈ ವಿಧಾನದಿಂದ ಬಗೆಹರಿಯಿತು. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯ ತನಿಖೆಯಲ್ಲೂ ದೇಹಗಳ ಗುರುತಿಗೆ ಇದು ನೆರವಾಯಿತು. ಮುಂದೆ ಈ ಕೆಲಸಕ್ಕೆಂದೇ ಹೈದರಾಬಾದಿನಲ್ಲಿ ಸಿಡಿಎಫ್‌ಡಿ, ಅಂದರೆ ಡಿಎನ್‌ಎ ಬೆರಳಚ್ಚು ಮತ್ತು ರೋಗಪತ್ತೆ ಕೇಂದ್ರ, ಹುಟ್ಟಿಕೊಂಡಿತು.

ಅದೇ ಕೇಂದ್ರದಲ್ಲಿ, ನ್ಯಾಯಾಲಯಗಳಿಂದ ರಕ್ತದ ಮಾದರಿಗಳು ಬಂದಿಳಿಯುತ್ತಿದ್ದ ಕಟ್ಟಡದಲ್ಲಿ, ರೇಷ್ಮೆ ಹುಳು ಇಟ್ಟುಕೊಂಡು ಕೂತವರು ಕರ್ನಾಟಕದ ಜೆ. ನಾಗರಾಜು. ಕೊಲೆಗಡುಕರನ್ನು ಪತ್ತೆ ಮಾಡುವ ಸಂಸ್ಥೆಯಲ್ಲಿ ರೇಷ್ಮೆ ಹುಳುವಿಗೆ ಏನು ಕೆಲಸ ಎಂದು ಕೇಳುವವರು ಆಗಲೂ ಇದ್ದಿರಬೇಕು. ಆದರೆ ನಾಗರಾಜು ಮತ್ತು ಲಾಲ್‌ಜಿ ಸಿಂಗ್ ಸಹೋದ್ಯೋಗಿಗಳೊಂದಿಗೆ 1995ರಲ್ಲೇ ಅದೇ ಹಾವಿನ ತುಣುಕನ್ನು ರೇಷ್ಮೆ ಹುಳುವಿನ ತಳಿಗಳ ಮೇಲೆ ಹಾಕಿ ನೋಡಿದ್ದರು. ತಳಿ ತಳಿಗೂ ಬೇರೆ ಬೇರೆ ಗೆರೆ ಸಾಲು ಬಂದಿತ್ತು. ನಾಲ್ಕು ವರ್ಷದ ನಂತರ ನಾಗರಾಜು ತಂಡ ಇನ್ನೂ ಸರಳವಾದ ವಿಧಾನವನ್ನು ರೇಷ್ಮೆ ಹುಳುವಿನ ಮೇಲೆ ಪರೀಕ್ಷಿಸಿತು. ಜೀವಿಗಳ ಡಿಎನ್‌ಎಯಲ್ಲಿ ಎರಡು ಮೂರು ಅಕ್ಷರಗಳು ತೊದಲಿದ ಹಾಗೆ ಮತ್ತೆ ಮತ್ತೆ ಬರುವ ಜಾಗಗಳಿರುತ್ತವೆ. ಅಂಥ ಎರಡು ತೊದಲುಗಳ ನಡುವಿನ ಭಾಗವನ್ನು ಹೆಚ್ಚಿಸಿ ಅದರ ಉದ್ದ ಅಳೆದರೆ ಸಾಕು, ಇದು ಯಾವ ತಳಿ, ಯಾವ ತಳಿಗೆ ಹತ್ತಿರ ಎಂದು ತಿಳಿಯುತ್ತದೆ. ಐಎಸ್‌ಎಸ್‌ಆರ್ ಎಂದು ಇದನ್ನು ಕರೆಯುತ್ತಾರೆ. ರಕ್ತ ಬೇಡ, ಒಂದಿಷ್ಟು ಅಂಗಾಂಶ ಇದ್ದರೆ ಆಯಿತು.

ಹುಳುವಿನ ಮೇಲೆ ಪಳಗಿದ ಕೈ ಮೋಸ ಹಿಡಿಯಲು ಹೊರಟದ್ದು ಅಕ್ಕಿಯ ಮೂಟೆಯಲ್ಲಿ. ಬಾಸ್ಮತಿ ಎಂದು ವಿದೇಶಕ್ಕೆ ಹೋಗುತ್ತಿದ್ದ ಅಕ್ಕಿಯಲ್ಲಿ ಬೇರೆ ಅಕ್ಕಿ ಬೆರಕೆಯಾಗುತ್ತಿತ್ತು. ಕಣ್ಣಿಗೆ ಎರಡೂ ಒಂದೇ ಉದ್ದ, ಒಂದೇ ಬಣ್ಣ. 2002ರಲ್ಲಿ ನಾಗರಾಜು ಮತ್ತು ಸಂಗಡಿಗರು ಬಾಸ್ಮತಿ ತಳಿಗಳನ್ನು ಡಿಎನ್‌ಎಯಿಂದ ಬೇರ್ಪಡಿಸುವ ಕ್ರಮವನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿ ಬಳಸಿದ್ದು ರೇಷ್ಮೆ ಹುಳುವಿನ ಮೇಲೆ ಪಳಗಿದ ಅದೇ ಐಎಸ್‌ಎಸ್‌ಆರ್‌ನ ಮುಂದುವರಿದ ರೂಪ. ಕೀಟದ ವಂಶವಾಹಿಶಾಸ್ತ್ರ ಕಾನೂನಿನ ಕೈಗೆ ಸಿಕ್ಕ ಇದಕ್ಕಿಂತ ನೇರವಾದ ಉದಾಹರಣೆ ಕನ್ನಡ ನಾಡಿನವರಿಂದ ಇನ್ನೊಂದು ನನಗೆ ಕಾಣುವುದಿಲ್ಲ. ನಾಗರಾಜು 2012ರಲ್ಲಿ, ಅರವತ್ತು ತುಂಬುವ ಮೊದಲೇ ತೀರಿಕೊಂಡರು.

ಇನ್ನು ಊಜಿಯ ಕಥೆಗೆ ಬರೋಣ. ಅದೂ ಒಂದು ಪತ್ತೇದಾರಿಯೇ. ಮೈಸೂರು ಸೀಮೆಗೆ ರೇಷ್ಮೆ ಹುಳು ಬಂದದ್ದು ಹದಿನೆಂಟನೇ ಶತಮಾನದ ಕೊನೆಯಲ್ಲಿ, ಟಿಪ್ಪುವಿನ ಕಾಲದಲ್ಲಿ, ಬಂಗಾಳದಿಂದ. ಆಗ ಊಜಿ ಜೊತೆಗೆ ಬರಲಿಲ್ಲ. ಸುಮಾರು ಇನ್ನೂರು ವರ್ಷ ನಮ್ಮ ಹುಳುಗಳು ಅದರ ಕಾಟವಿಲ್ಲದೆ ಗೂಡು ಕಟ್ಟಿದವು. 1980ರಲ್ಲಿ ಒಮ್ಮೆಲೇ ಕರ್ನಾಟಕದ ಹುಳು ಮನೆಗಳಲ್ಲಿ ಈ ನೊಣ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಆಂಧ್ರ, ತಮಿಳುನಾಡುಗಳಿಗೂ ಹರಡಿತು. ಪಶ್ಚಿಮ ಬಂಗಾಳದಿಂದ ಸಾಗಿಸಿದ ಗೂಡುಗಳೊಳಗೆ ಅಡಗಿ ಬಂದಿದೆ ಎಂಬುದು ತಜ್ಞರ ತೀರ್ಮಾನ. ಹುಳುವನ್ನು ಕೊಟ್ಟ ಊರೇ ಇನ್ನೂರು ವರ್ಷ ತಡವಾಗಿ ಅದರ ಶತ್ರುವನ್ನೂ ಕಳಿಸಿಕೊಟ್ಟಿತು. ಇವತ್ತು ಹುಳು ಮನೆಯ ಕಿಟಕಿಗೆ ಊಜಿ ಬಲೆ ಕಟ್ಟುವುದು, ಊಜಿಯ ಕೋಶವನ್ನು ಕೊಲ್ಲುವ ನೆಸೋಲಿಂಕ್ಸ್ ಎಂಬ ಚಿಕ್ಕ ಕಣಜವನ್ನು ತಂದು ಬಿಡುವುದು ಎಲ್ಲ ಆ 1980ರ ಫಲ.

ಆರೋಪಿ ಬಂಗಾಳದವನು ಎಂದು ಹೇಳಿದರಾಯಿತೆ? ಸಾಕ್ಷಿ ಬೇಡವೆ? 2003ರಲ್ಲಿ ಚಟರ್ಜಿ, ಮೋಹನ್‌ದಾಸ್, ತರಫ್ದಾರ್ ಎಂಬ ಮೂವರು ವಿಜ್ಞಾನಿಗಳು ದೇಶದ ಬೇರೆ ಬೇರೆ ಕಡೆಯ ಊಜಿಗಳ ಡಿಎನ್‌ಎಯನ್ನು ಇದೇ ಐಎಸ್‌ಎಸ್‌ಆರ್ ವಿಧಾನದಲ್ಲಿ ಓದಿ ಯುರೋಪಿನ ಕೀಟಶಾಸ್ತ್ರ ಪತ್ರಿಕೆಯಲ್ಲಿ ಬರೆದರು. ಬೇರೆ ಬೇರೆ ಜಾಗದ ಊಜಿ ತಂಡಗಳ ನಡುವೆ ವಂಶವಾಹಿಯ ಮಟ್ಟದ ಅಂತರ ಕಾಣಿಸಿತು. ಕಣ್ಣಿಗೆ ಒಂದೇ ಆಗಿರುವ ನೊಣವೂ ತನ್ನ ಊರಿನ ಗುರುತನ್ನು ಮೈಯೊಳಗೆ ಹೊತ್ತಿರುತ್ತದೆ ಎಂದಾಯಿತು. ಶವವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗಿಸಿದ್ದಾರೆಯೇ ಎಂದು ಕೇಳುವ ಪೊಲೀಸರಿಗೆ ಇದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟರಲ್ಲಿ ಕೆನಡಾದಲ್ಲಿ ಶವದ ನೊಣಗಳ ಕೆಲಸ ಶುರುವಾಗಿತ್ತು. 1994ರಲ್ಲಿ ಫೀಲಿಕ್ಸ್ ಸ್ಪರ್ಲಿಂಗ್, ಗೇಲ್ ಆಂಡರ್ಸನ್, ಡೋನಲ್ ಹಿಕಿ ಎಂಬ ಮೂವರು ಶವಕ್ಕೆ ಬರುವ ಮೂರು ಬಗೆಯ ನೊಣಗಳ ಮೈಟೊಕಾಂಡ್ರಿಯದ ಡಿಎನ್‌ಎ ಓದಿ, ಮರಿಯ ಚೂರು ಇದ್ದರೂ ಜಾತಿ ಹೇಳಬಹುದು ಎಂದು ತೋರಿಸಿದರು. ಮರಿ ಸತ್ತಿದ್ದರೂ ಅಡ್ಡಿಯಿಲ್ಲ, ಖಾಲಿ ಕೋಶದ ಸಿಪ್ಪೆಯಾದರೂ ಆದೀತು. ಸಾಕಿ ಕಾಯುವ ಕಾಲ ಮುಗಿಯಿತು. 2003ರಲ್ಲಿ ಪಾಲ್ ಹೆಬರ್ಟ್ ಅದೇ ಮೈಟೊಕಾಂಡ್ರಿಯದ ಒಂದು ಭಾಗದ ಸುಮಾರು 650 ಅಕ್ಷರಗಳನ್ನು ಎಲ್ಲ ಪ್ರಾಣಿಗಳಿಗೂ ಅಂಗಡಿ ಸಾಮಾನಿನ ಬಾರ್‌ಕೋಡಿನಂತೆ ಬಳಸೋಣ ಎಂದರು. ನಮ್ಮ ದೇಶದಲ್ಲಿ ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದವರು ಇಲ್ಲಿನ ಶವನೊಣಗಳ ಮೇಲೆ ಈ ಕೆಲಸ ಮಾಡಿದ್ದಾರೆ.

ಬಾರ್‌ಕೋಡ್ ಬಂದ ಮೇಲೆ ಎಲ್ಲ ಸುಲಭವಾಯಿತು ಎಂದುಕೊಂಡವರಿಗೆ ಮೈಸೂರಿನ ಸೀಸೆಗಳನ್ನು ತೋರಿಸಬೇಕು. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರೊ. ಎಂ. ಆರ್. ರಾಜಶೇಖರಶೆಟ್ಟಿ ಹಣ್ಣುನೊಣಗಳ, ಅಂದರೆ ಡ್ರೊಸೊಫಿಲಾಗಳ, ಅಧ್ಯಯನಕ್ಕೆ ನೆಲೆ ಹಾಕಿದರು. ಅವರ ಶಿಷ್ಯ ಪರಂಪರೆ ಊರೂರು ಅಲೆದು, ಕೊಳೆತ ಬಾಳೆಹಣ್ಣಿಟ್ಟು ನೊಣ ಹಿಡಿದು, ಹೊಸ ಪ್ರಭೇದಗಳಿಗೆ ಹೆಸರಿಟ್ಟಿತು. 1968ರಲ್ಲಿ ಜಿ. ಶ್ರೀರಾಮ ರೆಡ್ಡಿ ಮತ್ತು ಎನ್. ಬಿ. ಕೃಷ್ಣಮೂರ್ತಿ ಒಂದು ನೊಣಕ್ಕೆ ಗುರುವಿನ ನೆನಪಿಗೆ ಡ್ರೊಸೊಫಿಲಾ ರಾಜಶೇಖರಿ ಎಂದರು. 1970ರಲ್ಲಿ ಇನ್ನೊಂದು ಮೈಸೊರೆನ್ಸಿಸ್ ಆಯಿತು. ರಾಜಶೇಖರಿಯ ಗತಿ ತಮಾಷೆಯದು. ಅದೇ ನೊಣಕ್ಕೆ 1924ರಲ್ಲೇ ಮ್ಯಾಲಕ್ ಎಂಬಾತ ಬಯಾರ್ಮಿಪೆಸ್ ಎಂದು ಹೆಸರಿಟ್ಟಿದ್ದ ಎಂದು ಮುಂದೆ ಗೊತ್ತಾಯಿತು. ಹೆಸರಿಡುವ ನಿಯಮದ ಪ್ರಕಾರ ಹಳೆಯ ಹೆಸರೇ ಗೆದ್ದಿತು. ಇಡೀ ಜೀವಮಾನ ನೊಣ ನೋಡಿದವರಿಗೂ ಹೀಗಾಗುತ್ತದೆ ಎಂದ ಮೇಲೆ, ಟಾರ್ಚ್ ಬೆಳಕಿನಲ್ಲಿ ಮಹಜರು ಬರೆಯುವ ಪೊಲೀಸಿನವರ ಪಾಡೇನು?

ಅಲ್ಲಿನ ಇನ್ನೊಂದು ಕೆಲಸ ಇದಕ್ಕಿಂತ ಗಹನವಾದದ್ದು. ನಾಸುಟ ಎಂಬ ಹಣ್ಣುನೊಣಕ್ಕೆ ಎಂಟು ವರ್ಣತಂತು, ಅದರ ಹತ್ತಿರದ ನೆಂಟ ಅಲ್ಬೊಮಿಕನ್ಸ್‌ಗೆ ಆರು. ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಇವೆರಡನ್ನೂ ಕೂಡಿಸಿ ಹುಟ್ಟಿದ ಬೆರಕೆ ಸಂತತಿಯನ್ನು ತಲೆಮಾರುಗಟ್ಟಲೆ ಸೀಸೆಗಳಲ್ಲಿ ಸಾಕಿದರು. ಬೆರಕೆ ಸಾಯಲಿಲ್ಲ, ಬಂಜೆಯಾಗಲಿಲ್ಲ. ಇಬ್ಬರ ವರ್ಣತಂತುಗಳನ್ನೂ ಹೊಸ ರೀತಿಯಲ್ಲಿ ಜೋಡಿಸಿಕೊಂಡು ತನ್ನದೇ ಕುಲ ಕಟ್ಟಿಕೊಂಡಿತು. 1986ರಿಂದ ಅವರು ಇವುಗಳನ್ನು ಸೈಟೊರೇಸ್ ಎಂದು ಕರೆಯುತ್ತ ವರದಿ ಮಾಡುತ್ತ ಬಂದರು. ಇದಕ್ಕೂ ಕೊಲೆ ತನಿಖೆಗೂ ಏನು ಸಂಬಂಧ? ಬಾರ್‌ಕೋಡ್ ಇರುವುದು ಮೈಟೊಕಾಂಡ್ರಿಯದಲ್ಲಿ. ಅದು ಬರುವುದು ತಾಯಿಯಿಂದ ಮಾತ್ರ. ಬೆರಕೆ ನೊಣದ ಬಾರ್‌ಕೋಡ್ ಓದಿದರೆ ತಾಯಿಯ ಹೆಸರಷ್ಟೇ ಹೇಳುತ್ತದೆ, ತಂದೆಯ ಕಡೆಯದನ್ನು ಬಾಯಿ ಬಿಡುವುದಿಲ್ಲ. ಇದು ಸೀಸೆಯೊಳಗಿನ ಕಲ್ಪನೆಯಲ್ಲ. ಹವಾಯಿ ದ್ವೀಪದ ಲುಸಿಲಿಯಾ ಕುಪ್ರಿನಾ ಎಂಬ ಶವನೊಣದಲ್ಲಿ ಲುಸಿಲಿಯಾ ಸೆರಿಕಾಟಾದ ಕಡೆಯ ಮೈಟೊಕಾಂಡ್ರಿಯ ಇರುವುದನ್ನು 2002ರಲ್ಲಿ ತೋರಿಸಿದ್ದಾರೆ. ತಾಯಿಯ ಎಳೆಯ ಜೊತೆ ಜೀವಕೋಶದ ಕೇಂದ್ರದ, ಅಂದರೆ ನ್ಯೂಕ್ಲಿಯಸ್ಸಿನ, ಡಿಎನ್‌ಎಯನ್ನೂ ಓದಬೇಕು ಎಂಬ ಎಚ್ಚರ ಹಾಗೆ ಬಂತು.

ಜಾತಿ ತಿಳಿಯಿತು. ವಯಸ್ಸು? ಅಲ್ಲೂ ವಂಶವಾಹಿ ಕೈಹಾಕಿತು, ಅಲ್ಲೂ ಹಣ್ಣುನೊಣವೇ ದಾರಿ ತೋರಿಸಿತು. ಹಣ್ಣುನೊಣದ ಮೊಟ್ಟೆಯಲ್ಲಿ ತಾಯಿ ‘ಬೈಕಾಯಿಡ್’ ಎಂಬ ವಂಶವಾಹಿಯ ಸಂದೇಶವನ್ನು ಇಟ್ಟಿರುತ್ತಾಳೆ. ತಲೆ ಯಾವ ಕಡೆ ಎಂದು ಭ್ರೂಣಕ್ಕೆ ಹೇಳುವ ಸಂದೇಶ ಅದು. ಕೆಲಸ ಮುಗಿದಂತೆ ಅದು ಕರಗುತ್ತದೆ. ಚರ್ಮ ಕಟ್ಟುವ ಕೈಟಿನ್ ಮಾಡುವ ವಂಶವಾಹಿ ಆಮೇಲೆ ಎಚ್ಚರವಾಗುತ್ತದೆ. ಅಮೆರಿಕದ ಏರನ್ ಟರೋನ್ ಮತ್ತು ಸಂಗಡಿಗರು 2007ರಲ್ಲಿ ಹಸಿರುನೊಣದ ಮೊಟ್ಟೆಯಲ್ಲಿ ಇಂಥ ಏರಿಳಿತಗಳನ್ನು ಅಳೆದು, ಮೊಟ್ಟೆಯ ವಯಸ್ಸನ್ನು ಎರಡು ಗಂಟೆಯ ಆಸುಪಾಸಿಗೆ ಹೇಳಬಹುದು ಎಂದರು. ಮೊಟ್ಟೆ ಮಾತ್ರ ಸಿಕ್ಕರೆ ‘ಒಂದು ದಿನದೊಳಗೆ’ ಎಂದಷ್ಟೇ ಹೇಳುತ್ತಿದ್ದ ಕಾಲಕ್ಕೆ ಇದು ದೊಡ್ಡ ಮಾತು. 2015ರಲ್ಲಿ ಲುಸಿಲಿಯಾ ಕುಪ್ರಿನಾದ ಇಡೀ ವಂಶವಾಹಿ ಗ್ರಂಥ ಪ್ರಕಟವಾಯಿತು. ಅದರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ವಂಶವಾಹಿಗಳು.

2020ರಲ್ಲಿ ಓದಿ ಮುಗಿಸಿದ್ದು ನಮ್ಮ ಹಿತ್ತಿಲಿನ ಕ್ರೈಸೋಮಿಯಾ ರೂಫಿಫೇಸಿಸ್‌ನ ವಂಶವಾಹಿ ಗ್ರಂಥ. ಈ ನೊಣದ ಹೆಣ್ಣುಗಳಲ್ಲಿ ಎರಡು ಬಗೆ. ಒಬ್ಬಳು ಹೆರುವುದೆಲ್ಲ ಹೆಣ್ಣು, ಇನ್ನೊಬ್ಬಳು ಹೆರುವುದೆಲ್ಲ ಗಂಡು. ಲಿಂಗ ತೀರ್ಮಾನಿಸುವ ವರ್ಣತಂತು ನಮ್ಮದರಂತೆ ಗಂಡು ಹೆಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಮರಿಯ ಗುಣವಂತೂ ಇನ್ನೂ ವಿಚಿತ್ರ. ಮೈತುಂಬ ಮುಳ್ಳಿನಂಥ ಚಾಚುಗಳಿರುವ ಇದು ಶವದ ಮೇಲೆ ಮೊದಲು ಬಂದ ಬೇರೆ ನೊಣಗಳ ಮರಿಗಳನ್ನು ಹಿಡಿದು ತಿನ್ನುತ್ತದೆ. ಮೊದಲು ಬಂದವರೇ ಸಾವಿನ ಸಮಯಕ್ಕೆ ಹತ್ತಿರದ ಸಾಕ್ಷಿಗಳು. ಅವರನ್ನೇ ನುಂಗಿ, ತಡವಾಗಿ ಬಂದ ತಾನೊಬ್ಬನೇ ಉಳಿದುಬಿಡುತ್ತದೆ. ತನಿಖಾಧಿಕಾರಿ ಇದರ ವಯಸ್ಸನ್ನೇ ನಂಬಿದರೆ ಲೆಕ್ಕ ತಪ್ಪುವುದು ಖಂಡಿತ.

ಮರಿಯ ಹೊಟ್ಟೆಯಲ್ಲಿ ಇನ್ನೊಬ್ಬರ ಗುರುತೂ ಇರುತ್ತದೆ. ಮೆಕ್ಸಿಕೊದಲ್ಲಿ ಕಾಡಿನಲ್ಲಿ ಸುಟ್ಟುಹೋದ ಶವವೊಂದು ಸಿಕ್ಕಿತ್ತು. ಅಂಗಾಂಶದಿಂದ ಗುರುತಿನ ಡಿಎನ್‌ಎ ತೆಗೆಯಲಾಗಲಿಲ್ಲ. ಅದರ ಮೇಲಿದ್ದ ಮೂರು ನೊಣದ ಮರಿಗಳ ಹೊಟ್ಟೆ ಸೀಳಿ ತೆಗೆದ ಮನುಷ್ಯ ಡಿಎನ್‌ಎಯನ್ನು ಕಾಣೆಯಾದ ಹೆಣ್ಣುಮಗಳ ತಂದೆಯದರೊಂದಿಗೆ ಹೋಲಿಸಿ ಗುರುತು ಹಿಡಿದರು. ಆ ವರದಿ 2013ರಲ್ಲಿ ಪ್ರಕಟವಾಯಿತು. 2008ರಲ್ಲಿ ಫಿನ್ಲೆಂಡಿನ ಪೊಲೀಸರು ಕದ್ದ ಕಾರಿನೊಳಗೆ ರಕ್ತ ಹೀರಿದ ಒಂದು ಸೊಳ್ಳೆ ಕಂಡು, ಅದರ ಹೊಟ್ಟೆಯ ರಕ್ತದಿಂದ ಶಂಕಿತನನ್ನು ಹುಡುಕಿದ್ದು ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟಕ್ಕೇ ಅವನು ಕಳ್ಳನೆಂದಾಗುವುದಿಲ್ಲ, ಡ್ರಾಪ್ ಕೇಳಿ ಹತ್ತಿದ್ದೆ ಎಂದ ಅವನು. ಸೊಳ್ಳೆ ಅವನನ್ನು ಕಚ್ಚಿದ್ದು ನಿಜ, ಕಾರು ಕದ್ದದ್ದನ್ನು ಅದು ನೋಡಿರಲಿಲ್ಲ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಉಳಿದಿದೆ, ಅದನ್ನು ಯಾವ ವಂಶವಾಹಿ ಯಂತ್ರವೂ ತುಂಬಿಕೊಡುವುದಿಲ್ಲ. ಮರಿಯ ಬೆಳವಣಿಗೆ ಶಾಖದ ಮೇಲೆ ನಿಂತಿದೆ. ಗ್ಲಾಸ್ಗೋದಲ್ಲಿ ಹದಿನಾಲ್ಕು ದಿನ ಹಿಡಿಯುವುದು ಚನ್ನರಾಯಪಟ್ಟಣದ ಏಪ್ರಿಲ್ ಬಿಸಿಲಿನಲ್ಲಿ ಒಂದು ವಾರವೂ ಹಿಡಿಯದಿರಬಹುದು. ಹಾಸನ 3,000 ಅಡಿಗೂ ಎತ್ತರದಲ್ಲಿದೆ. ಪೂರ್ವಕ್ಕೆ ಹೋದರೆ ಬಯಲು, ಪಶ್ಚಿಮಕ್ಕೆ ಸಕಲೇಶಪುರದ ಮಳೆ ಕಾಡು. ಒಂದೇ ಜಿಲ್ಲೆ, ಎರಡು ಹವೆ. ಪಟಿಯಾಲದ ಹವೆಯಲ್ಲಿ ಬರೆದ ಬೆಳವಣಿಗೆಯ ಕೋಷ್ಟಕವನ್ನು ಎರಡಕ್ಕೂ ಹೊಂದಿಸಿ ನ್ಯಾಯಾಲಯದಲ್ಲಿ ನಿಂತರೆ ಬೆರ್ಜೆರೆ ಮಾಡಿದ ತಪ್ಪನ್ನೇ ನಾವೂ ಮಾಡಿದಂತೆ. ನಮ್ಮ ನೊಣಗಳನ್ನು ನಮ್ಮ ಹವೆಯಲ್ಲಿ, ತಿಂಗಳು ತಿಂಗಳೂ ಸಾಕಿ ಬರೆದಿಟ್ಟ ಲೆಕ್ಕ ಬೇಕು. ಹುಳು ಸಾಕುವವರ ಜಿಲ್ಲೆಯಲ್ಲಿ ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ಮೈಸೂರು ಪಕ್ಕದಲ್ಲೇ ಇದೆ, ಹಾಸನದಲ್ಲಿ ವೈದ್ಯಕೀಯ ಕಾಲೇಜಿದೆ.

ಕಾನೂನು ಈಗ ಬಾಗಿಲು ತೆರೆದಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಎನ್ನುತ್ತದೆ. ತಜ್ಞರ ಅಭಿಪ್ರಾಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ಜಾಗವಿದೆ.

ಈ ಲೇಖನ ಯಾವುದಾದರೂ ಠಾಣೆಯ ಅಥವಾ ಶವಾಗಾರದ ಸಿಬ್ಬಂದಿಯ ಕೈಗೆ ಸಿಕ್ಕರೆ ಅವರಲ್ಲಿ ಒಂದೇ ವಿನಂತಿ. ಶವ ತೊಳೆಯುವ ಮೊದಲು ಒಂದು ಚಮಚದಷ್ಟು ಹುಳುಗಳನ್ನು ತೆಗೆದಿಡಿ. ದೊಡ್ಡವು ಚಿಕ್ಕವು ಎರಡೂ ಇರಲಿ, ಶವದ ಕೆಳಗಿನ ಮಣ್ಣಿನಲ್ಲಿ ಕಂದು ಕೋಶಗಳಿದ್ದರೆ ಅವೂ ಇರಲಿ. ಅರ್ಧದಷ್ಟನ್ನು ಕುದಿಯುವಷ್ಟು ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ಶೇಕಡಾ 80ರ ಆಲ್ಕೊಹಾಲಿಗೆ ಹಾಕಿ. ಉಳಿದರ್ಧವನ್ನು ಗಾಳಿಯಾಡುವ ಡಬ್ಬಿಯಲ್ಲಿ ಜೀವಂತ ಕಳಿಸಿ. ಸ್ಥಳದ ಶಾಖ ಎಷ್ಟಿತ್ತು, ನೆರಳೋ ಬಿಸಿಲೋ, ಗಂಟೆ ಎಷ್ಟು ಎಂದು ಮಹಜರಿನಲ್ಲಿ ಬರೆಯಿರಿ. ಹತ್ತಿರದಲ್ಲಿ ಫಾರ್ಮಲಿನ್ ಬಾಟಲಿ ಇದ್ದರೆ ಅದಕ್ಕೆ ಮಾತ್ರ ಹಾಕಬೇಡಿ. ಅದರಲ್ಲಿ ಹುಳುವಿನ ಆಕಾರ ಉಳಿಯುತ್ತದೆ, ಡಿಎನ್‌ಎ ಕೆಡುತ್ತದೆ.